ಶಿಖರದ ಜಾಕೆಟ್ಟು

ಇದನ್ನು ಬರೆಯಲು ಕೂತಾಗಿನಿಂದ ಮಗಳು ಮೂರು ಸಲ “ಮಮ್ಮಿ, ವಾಟರ್” ಅಂದಿದ್ದಾಳೆ. ಫ್ರಿಜ್ಜು ಅವಳ ಬೆನ್ನ ಹಿಂದೆಯೇ ಇದೆ.

ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ನಾನು ಹೊಲಿಯುವ ಅಂಗಡಿಗೆ ಬಿಳಿಕೂದಲಿನ ಹೆಂಗಸೊಬ್ಬರು ಜಿಪ್ ಹಾಳಾದ ದಪ್ಪ ಜಾಕೆಟ್ ಕೊಟ್ಟಿದ್ದರು. ನಾರ್ವೆಯ ಅತಿ ಎತ್ತರದ ಶಿಖರ ಹತ್ತಲು ಹೊರಟವರು. ಗಿರಾಕಿಗಳ ಬಟ್ಟೆ ತೊಟ್ಟರೆ ಕೆಲಸ ಖಲಾಸ್ ಎಂದು ನಮ್ಮ ಮಾಲೀಕರು ಮೊದಲೇ ಹೇಳಿದ್ದಾರೆ. ಆದರೂ ಜಿಪ್ ಸರಿಮಾಡಿದ ಮೇಲೆ, ಅವರು ಊಟಕ್ಕೆ ಹೋದಾಗ, ಜಾಕೆಟ್ ತೊಟ್ಟು ಎಸಿಯ ಕೆಳಗೆ ಕಣ್ಣು ಮುಚ್ಚಿ ನಿಂತೆ. ಕಾಲಡಿ ಹಿಮ, ಅದರ ಕೆಳಗೆ ಮೋಡ. ಅಲ್ಲಿ ಯಾರೂ ನೀರು ಕೇಳುತ್ತಿರಲಿಲ್ಲ.

ಕಣ್ಣು ಬಿಟ್ಟರೆ ಆ ಹೆಂಗಸು ಎದುರಿಗೇ!

“ಸಾರಿ ಮೇಡಂ, ಜಿಪ್ ನೋಡ್ತಿದ್ದೆ,” ಎಂದು ಹರಕು ಇಂಗ್ಲಿಷಿನಲ್ಲಿ ತೊದಲಿದೆ.

“ಕಣ್ಣು ಮುಚ್ಚಿಕೊಂಡಾ?”

ಬೈಯುತ್ತಾರೆಂದುಕೊಂಡರೆ, ಜಿಪ್ಪನ್ನು ನನ್ನ ಗದ್ದದವರೆಗೆ ಎಳೆದು ನಕ್ಕರು. “ಶಿಖರದ ತುದಿಯಲ್ಲಿ, ಹತ್ತಿದವರು ಹೆಸರು ಬರೆಯುವ ಪುಸ್ತಕವಿದೆ. ನೀನೂ ಅರ್ಧ ಹತ್ತಿದ್ದೀಯಲ್ಲ, ನಿನ್ನ ಹೆಸರನ್ನೂ ಬರೆಯುತ್ತೇನೆ.”

ಹೆಸರು ಹೇಳಿದೆ, ಬರೆದುಕೊಂಡರು.

“ಊರು?”

ಹುಟ್ಟಿದ್ದು ಕಾಪು, ಮದುವೆಯಾಗಿ ಹೋದದ್ದು ಕಾರ್ಕಳ, ವೀಸಾ ಇಲ್ಲಿಯದು. ಮೂರನ್ನೂ ಮನಸ್ಸಿನಲ್ಲೇ ಅಳೆದು ನೋಡುತ್ತಿದ್ದೆ. ಹೊರಗೆ ಅವರ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಪೆನ್ನು ಹಿಡಿದೇ ಮತ್ತೆ ಕೇಳಿದರು:

“ಯಾವ ಊರು ಅಂತ ಬರೆಯಲಿ?”