ರಾಹುಕಾಲದ ಪೋಸ್ಟು

ಧಾರವಾಡದಾಗ ಪರೀಕ್ಷೆಗೆ ಕೋಚಿಂಗ್ ಕ್ಲಾಸ್ ನಡಸೋ ಒಬ್ಬ ಸರ್‌ಗೆ ನಾನು ಇನ್‌ಸ್ಟಾಗ್ರಾಮ್ ಜಾಹೀರಾತು ಮಾಡಿಕೊಡ್ತೇನಿ. ಹೊಸ ಬ್ಯಾಚ್ ತುಂಬಲಿಲ್ಲಂದ್ರ ನನ್ನ ಕೆಲಸಾನೂ ಹೋಗೂದು ಖರೇ. ಅದಕ್ಕಽ ಯಾವ ಪೋಸ್ಟು ಯಾವಾಗ ಹಾಕಬೇಕಂತ ಇಡೀ ತಿಂಗಳಿಂದು ಕುಂತು ಯೋಜನೆ ಮಾಡಿದ್ದೆ. ಮೊದಲನೇದು ಸೋಮವಾರ ಮುಂಜಾನಿ ಎಂಟಕ್ಕ. ಆ ಹೊತ್ತಿನ್ಯಾಗ ಹುಬ್ಬಳ್ಳಿಯಿಂದ ಬರೋ ಬಸ್ಸಿನ್ಯಾಗ ಹುಡುಗ್ರೆಲ್ಲ ಫೋನ್ ನೋಡಕೋತ ಕುಂತಿರ್ತಾರ.

ಅದರ ಹಿಂದಿನ ಸೋಮವಾರ ಎಂಟಕ್ಕಽ ಆ ಯೋಜನೆ ತೋರಸಾಕ ಹೋದೆ. ಸರ್ ನೋಡಿದವರಽ, "ಸೋಮವಾರ ಎಂಟಕ್ಕ ರಾಹುಕಾಲ ಐತ್ರಿ. ಹತ್ತಕ್ಕ ಹಾಕ್ರಿ," ಅಂದ್ರು.

"ಹತ್ತಕ್ಕ ಎಲ್ಲಾರೂ ಕ್ಲಾಸಿನ್ಯಾಗ ಇರ್ತಾರಲ್ರಿ ಸರ್. ಫೋನ್ ಮುಟ್ಟಾಕ ಯಾರೂ ಬಿಡೂದಿಲ್ಲ. ನೋಡೋರು ಯಾರ್ರಿ?"

"ಶುಭ ಕೆಲಸಕ್ಕ ಹಂಗೆಲ್ಲಾ ಲೆಕ್ಕ ಹಾಕಬಾರದ್ರಿ."

ಹುಡುಗ್ರಿಗೆ ಸಮಯ ನಿರ್ವಹಣೆ ಪಾಠ ಹೇಳೋ ಮನಷಾ ಇವರು! ನನಗ ಮೈಯೆಲ್ಲಾ ಉರದು ಹೋತು. ಅಷ್ಟರಾಗ ಅವರು ತಮ್ಮ ಫೋನ್ ತಗದು ನನ್ನ ಮುಂದ ಹಿಡದ್ರು.

"ಇಲ್ಲಿ ನೋಡ್ರಿ, ಬಾಜೂ ಓಣಿ ಕ್ಲಾಸಿನವರು ಈಗಽ ಹಾಕ್ಯಾರ. ಎಷ್ಟ ಛಲೋ ಐತಿ! ನೀವೂ ಹಿಂಗ ಮಾಡ್ರಿ."

"ಈಗೂ ರಾಹುಕಾಲ ಅಲ್ಲೇನ್ರಿ ಸರ್?"

"ಹಾಕಾಕ ರಾಹುಕಾಲ ಅಡ್ಡಿ ಬರ್ತೈತ್ರಿ. ನೋಡಾಕ ಏನಡ್ಡಿ?"

ಮುಂದಿನ ಸೋಮವಾರ ಪೋಸ್ಟು ಹತ್ತಕ್ಕ, ಅವರು ಹೇಳಿದ ಗಳಿಗ್ಯಾಗಽ ಹೋತು. ರಾಹು ಆ ಕಡೆ ಸುಳೀಲಿಲ್ಲ, ಖರೇ. ಹುಡುಗ್ರೂ ಸುಳೀಲಿಲ್ಲ. ಸಂಜಿತನಕ ಬಂದದ್ದು ಒಂದಽ ಲೈಕು, ಅದೂ ಸರ್‌ದು.