ಅಕ್ಕನ ಮಾತ್ರೆ ನಿಲ್ಲಿಸಿದ ವರ್ಷ

ಅಕ್ಕ ಮೊದಲ ಸಲ ಬಿದ್ದದ್ದು ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ. ಅವಳು ಪಿಯುಸಿ ಓದುತ್ತಿದ್ದಳು, ನಾನಿನ್ನೂ ಹೈಸ್ಕೂಲು. ಕೈಕಾಲು ಸೆಟೆದು ಬಾಯಲ್ಲಿ ನೊರೆ ಬಂತು. ಯಾರೋ ಅವಳ ಮುಷ್ಟಿಗೆ ಬೈಕಿನ ಕೀಗೊಂಚಲು ತುರುಕಿದರು. ಎಚ್ಚರವಾದಾಗ ಅವಳು ಕೇಳಿದ್ದು ಒಂದೇ ಮಾತು: "ನನ್ನ ಬಟ್ಟೆ ಸರಿ ಉಂಟಾ?"

ಡಾಕ್ಟರು ಅಪಸ್ಮಾರವೆಂದರು. ಮಾತ್ರೆ ತಪ್ಪಿಸದಿದ್ದರೆ ಹತೋಟಿಯಲ್ಲಿರುತ್ತದೆ ಎಂದೂ ಹೇಳಿದರು. ಅಮ್ಮ ಎರಡು ಹೊತ್ತೂ ಎದುರು ನಿಂತು ನುಂಗಿಸುತ್ತಿದ್ದಳು. ಆದರೆ ವೇಣೂರಿನ ನಮ್ಮ ಮನೆಗೆ ಬಂದವರು ಕೇಳುತ್ತಿದ್ದದ್ದು ಬೇರೆ: "ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸಿದ್ದೀರಾ?" ಗಲ್ಫಿನಲ್ಲಿದ್ದ ಅಪ್ಪ ಫೋನಿನಲ್ಲಿ, "ನಿನಗೆ ಸರಿ ಕಂಡ ಹಾಗೆ ಮಾಡು" ಎಂದರು. ಜ್ಯೋತಿಷಿ ಕವಡೆ ಹರಡಿ, ಹಿಂದೆ ಮನೆತನದಲ್ಲಿ ಯಾರೋ ನಾಗಬನದ ಮರ ಕಡಿದಿದ್ದಾರೆ, ನಾಗದೋಷ ಕಳೆಯಲು ಆಶ್ಲೇಷಾ ಬಲಿ ಪೂಜೆ ಆಗಬೇಕು ಎಂದರು.

ಬಲಿ ನಡೆಸಿಕೊಟ್ಟವರು ನಮ್ಮನ್ನು ತೊಟ್ಟಿಲಿನಿಂದ ಬಲ್ಲ ವಯಸ್ಸಾದ ಅರ್ಚಕರು. ಬಣ್ಣದ ಪುಡಿಯಲ್ಲಿ ಬರೆದ ಮಂಡಲದ ಮುಂದೆ ಕುಳಿತ ಅಕ್ಕನ ಮುಖದಲ್ಲಿ ಬಹಳ ದಿನಗಳ ಮೇಲೆ ನೆಮ್ಮದಿ ಕಂಡೆ. ಆ ನೆಮ್ಮದಿ ಸುಳ್ಳಾಗಿರಲಿಲ್ಲ ಎಂದು ಈಗಲೂ ಅನಿಸುತ್ತದೆ.

ಮರುದಿನ ಅಮ್ಮ ಮಾತ್ರೆ ಕೊಡಲಿಲ್ಲ.

"ದೇವರ ಮೇಲೆ ಭಾರ ಹಾಕಿ ಆಯ್ತು. ಇನ್ನೂ ಮಾತ್ರೆ ಕೊಟ್ಟರೆ ನಂಬಿಕೆ ಇಲ್ಲ ಅಂದ ಹಾಗೆ ಅಲ್ವಾ?"

ಅಕ್ಕ ತಲೆಯಾಡಿಸಿದಳು. ಮಾತ್ರೆ ತಿಂದರೆ ತರಗತಿಯಲ್ಲಿ ತೂಕಡಿಕೆ ಬರುತ್ತದೆಂದು ಅವಳಿಗೂ ಬೇಸರವಿತ್ತು.

ಕೆಲವು ವಾರ ಏನೂ ಆಗಲಿಲ್ಲ. ಬಲಿಯಿಂದ ಗುಣವಾಯಿತೆಂದು ಅಮ್ಮ ಕಂಡವರಿಗೆಲ್ಲ ಹೇಳಿಕೊಂಡು ಬಂದಳು. ಆಮೇಲೊಂದು ಭಾನುವಾರ ಗಂಜಿ ಬಸಿಯುತ್ತಿದ್ದ ಅಕ್ಕ ಪಾತ್ರೆಯ ಸಮೇತ ಬಿದ್ದಳು. ಬಲಗೈ ಮೊಣಕೈವರೆಗೆ ಬೆಂದುಹೋಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಗದರಲಿಲ್ಲ. "ಪೂಜೆ ಮಾಡಿಸಿದ್ದು ತಪ್ಪಲ್ಲಮ್ಮ. ಆದರೆ ಮಾತ್ರೆ ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮೊದಲಿಗಿಂತ ಜೋರಾಗಿ ಬರಬಹುದು" ಎಂದಷ್ಟೇ ಹೇಳಿದರು. ಗದರಿದ್ದರೆ ಅಮ್ಮನಿಗೆ ಸಿಟ್ಟಾದರೂ ಬರುತ್ತಿತ್ತು. ಅವಳು ಗೋಡೆ ನೋಡುತ್ತಾ ನಿಂತಳು.

ಅಕ್ಕನನ್ನು ಮನೆಗೆ ತಂದ ಮೇಲೆ ಅರ್ಚಕರು ನೋಡಲು ಬಂದರು. ಜಗಲಿಯಲ್ಲಿ ಅಮ್ಮ ನೇರವಾಗಿ ಕೇಳಿದಳು: "ಬಲಿಯಲ್ಲಿ ಏನು ಕೊರತೆ ಆಯ್ತು?"

"ಕೊರತೆ ಎಂಥದ್ದೂ ಇಲ್ಲ. ಮಾತ್ರೆ ಯಾಕೆ ನಿಲ್ಲಿಸಿದ್ದು? ನನಗೆ ಶುಗರ್ ಉಂಟು. ಅವತ್ತು ಇನ್ಸುಲಿನ್ ಚುಚ್ಚಿಕೊಂಡೇ ನಾನು ಬಲಿಗೆ ಕೂತದ್ದು."



"ಇದನ್ನು ಅವತ್ತೇ ಹೇಳಬಹುದಿತ್ತಲ್ಲ?" ಎಂದಳು ಅಮ್ಮ.

"ನೀವು ಕೇಳಿದ್ದು ಒಳ್ಳೆಯ ದಿನ ಯಾವುದು ಅಂತ ಮಾತ್ರ" ಎಂದರು. ಎದ್ದು ಶಾಲು ಸರಿಮಾಡಿಕೊಳ್ಳುವಾಗ, "ಆದರೂ ನಾನು ಹೇಳಬೇಕಿತ್ತು" ಎಂದರು. ತಂದಿಟ್ಟ ಕಾಫಿ ಕುಡಿಯದೆ ಹೋದರು.

ಅಂದಿನಿಂದ ಮಾತ್ರೆ ತಪ್ಪಲಿಲ್ಲ. ಬಲಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಅಕ್ಕ ಎಡಗೈಯಲ್ಲಿ ಬರೆಯಲು ಕಲಿತಳು, ಬಿ.ಎಡ್. ಮುಗಿಸಿದಳು. ಈಗ ಮಡಂತ್ಯಾರಿನ ಹತ್ತಿರ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಬಿದ್ದು ವರ್ಷಗಳೇ ಆದವು. ನಾಗರಪಂಚಮಿಗೆ ತಾನೇ ಬನಕ್ಕೆ ಹಾಲು ಒಯ್ಯುತ್ತಾಳೆ. ನಾನು ಹೋಗುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಯಾಕೆ ಎಂದು ಒಮ್ಮೆ ಕೇಳಿದೆ.

"ನಾಗನ ಮೇಲೆ ನನಗೆ ಎಂಥ ಕೋಪ? ಅವನು ಮಾತ್ರೆ ನಿಲ್ಲಿಸು ಅಂತ ಹೇಳಿರ್ಲಿಲ್ಲ" ಎಂದಳು.

ಅಮ್ಮ ಆ ವರ್ಷದ ಮಾತು ಎತ್ತುತ್ತಲೇ ಇರಲಿಲ್ಲ. ಕಳೆದ ಮಳೆಗಾಲದಲ್ಲಿ ನೆರೆಮನೆಯ ಪುಟ್ಟ ಹುಡುಗಿಗೆ ಇದೇ ಕಾಯಿಲೆಯೆಂದು ತಿಳಿಯಿತು. ಅವರು ಪ್ರಶ್ನೆಗೆ ದಿನ ಗೊತ್ತುಮಾಡಿದ್ದರು. ಅಮ್ಮ ಅಕ್ಕನನ್ನು ಕರೆದುಕೊಂಡು ಅಲ್ಲಿಗೆ ಹೋದಳು. ಹುಡುಗಿಯ ತಾಯಿಯ ಮುಂದೆ ಕುಳಿತು ಅಕ್ಕನ ಬಲಗೈ ಮೇಲಿನ ಬಟ್ಟೆಯನ್ನು ತಾನೇ ಮೇಲಕ್ಕೆ ಸರಿಸಿದಳು.

"ಪ್ರಶ್ನೆ ಇಡಿಸಿ, ಬೇಡ ಅನ್ನುವುದಿಲ್ಲ. ಇದು ನಾನು ಮಾಡಿದ್ದು, ನೋಡಿ."

ಆ ಹೆಂಗಸು ಬೆಂದ ಚರ್ಮವನ್ನು ಮುಟ್ಟಿ ನೋಡಿದಳು. ಮರುದಿನದ ಮೊದಲ ಬಸ್ಸಿಗೆ ಅಮ್ಮ, ಅಕ್ಕ, ಆ ಹೆಂಗಸು ಮೂವರೂ ಹುಡುಗಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟರು. ಮಗು ನನ್ನ ಅಮ್ಮನ ಮಡಿಲಲ್ಲಿತ್ತು.