ಡಾಕ್ಟ್ರಮ್ಮನ ಕಾರಿಗೆ ಹದಿನೈದು ದಿನದ ಚಿಕಿತ್ಸೆ

ಕಳೆದ ತಿಂಗಳು ಅಳಿಯನ ಜೊತೆ ಮೂಡುಬಿದಿರೆಯ ಒಂದು ವರ್ಕ್‌ಶಾಪಿಗೆ ಹೋಗಿದ್ದೆ. ಅಲ್ಲಿಯ ಮೆಕ್ಯಾನಿಕ್ ಒಂದು ಡಬ್ಬದ ಮುಚ್ಚಳ ತೆಗೆದ. ಸೀಮೆಎಣ್ಣೆಯೂ ಮೇಣವೂ ಸೇರಿದಂಥ ಒಂದು ವಾಸನೆ ಬಂತು. ಮಾಸಿದ ಕಾರಿನ ಬಣ್ಣಕ್ಕೆ ಹೊಳಪು ಬರಿಸಲು ತಿಕ್ಕುವ ಪೇಸ್ಟು ಅದು; ರಬ್ಬಿಂಗ್ ಕಾಂಪೌಂಡ್ ಎನ್ನುತ್ತಾರೆ. ಆ ವಾಸನೆ ನನಗೆ ಮೊದಲು ಪರಿಚಯವಾದದ್ದು ವರ್ಕ್‌ಶಾಪಿನಲ್ಲಿ ಅಲ್ಲ, ಒಂದು ಕ್ಲಿನಿಕ್ಕಿನಲ್ಲಿ...

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮಡಂತ್ಯಾರಿನಲ್ಲಿ ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ನಾನು ಕಂಪೌಂಡರ್ ಆಗಿದ್ದೆ. ಮಿಕ್ಸ್ಚರ್ ಬೆರೆಸುವುದು, ಬಾಟಲಿಗೆ ಕಾಗದದ ಗುರುತು ಅಂಟಿಸುವುದು, ಬಂದವರನ್ನು ಸಾಲಾಗಿ ಒಳಗೆ ಕಳಿಸುವುದು ನನ್ನ ಕೆಲಸ. ಡಾಕ್ಟ್ರಮ್ಮ ಮಂಗಳೂರಿನವರು, ಒಂಟಿಯಾಗಿದ್ದರು. ಬಹಳ ಗಿಡ್ಡ ಆಳು. ಸೀಟಿನ ಮೇಲೆ ದಿಂಬು ಇಟ್ಟು ಕುಳಿತರೆ ಮಾತ್ರ ಅವರಿಗೆ ಕಾರಿನ ಮುಂದಿನ ರಸ್ತೆ ಕಾಣುತ್ತಿತ್ತು. ಸುತ್ತಲಿನ ಹತ್ತಾರು ಊರಿಗೆ ಹೆರಿಗೆ ಎಂದರೆ ಅವರೇ.

ಆ ಕಾರು ಬೊಂಬಾಯಿಯಲ್ಲಿದ್ದ ಅವರ ಅಣ್ಣನದು. ಅಣ್ಣ ಅಲ್ಲಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ತಂಗಿಗೆ ಕೆಲಸ ನೋಡಿಟ್ಟಿದ್ದರು. ಇವರು ಒಪ್ಪದೆ ಮಡಂತ್ಯಾರಿಗೆ ಬಂದು ಕುಳಿತರು. ಸೋತ ಅಣ್ಣ ತಮ್ಮ ಹಳೆಯ ಆಕಾಶನೀಲಿ ಕಾರು ಕೊಟ್ಟು ಒಂದು ಮಾತು ಹೇಳಿದ್ದರಂತೆ: "ನಾನು ಬಂದಾಗ ನಿನ್ನನ್ನು ಏನೂ ಕೇಳುವುದಿಲ್ಲ. ಕಾರು ನೋಡ್ತೇನೆ. ಅದು ಹಾಳು ಬಿದ್ದಿದ್ದರೆ ನೀನೂ ಹಾಗೇ ಇದ್ದಿ ಅಂತ ಅರ್ಥ. ಕರ್ಕೊಂಡು ಹೋಗ್ತೇನೆ."

ಮೂರು ವರ್ಷ ಅಣ್ಣ ಬರಲಿಲ್ಲ. ಕಾರಿಗೆ ಶೆಡ್ ಇರಲಿಲ್ಲ. ಬಿಸಿಲಿಗೆ ಬಣ್ಣ ಸುಟ್ಟೀತೆಂದು ಡಾಕ್ಟ್ರಮ್ಮ ಅದನ್ನು ಅಂಗಳದ ಗೇರುಮರದ ಕೆಳಗೆ ನಿಲ್ಲಿಸುತ್ತಿದ್ದರು. ಗೇರುಹಣ್ಣಿನ ರಸ ಬಿದ್ದಲ್ಲೆಲ್ಲ ಕಲೆಯಾಯಿತು. ಉಳಿದ ಜಾಗ ಕಾಗೆಗಳದ್ದಾಯಿತು. ಪಕ್ಕದ ಮನೆಯ ಆಡೊಂದು ಬೊನೆಟ್ಟಿಗೆ ಹಾರಿ, ಅಲ್ಲಿಂದ ಟಾಪಿಗೆ ಹಾರಿ, ಗೇರಿನ ಚಿಗುರು ತಿನ್ನುತ್ತಿತ್ತು. ಔಷಧಿಗೆ ಬಂದವರು ಬಾಳೆಗೊನೆ, ಕೊಡೆ, ಒಮ್ಮೊಮ್ಮೆ ಮಗುವನ್ನೂ ಬೊನೆಟ್ಟಿನ ಮೇಲೆಯೇ ಇಡುತ್ತಿದ್ದರು. ದಾರಿ ಕೆಸರಾಗಿ ಕಾರು ಓಡದ ಮಳೆಗಾಲದಲ್ಲಿ ಕ್ಲಿನಿಕ್ಕಿನ ಹಳೆಯ ರಬ್ಬರ್ ಶೀಟುಗಳನ್ನು ಹೊಲಿಸಿ ಕಾರಿಗೆ ಹೊದಿಸಿದ್ದೆವು. ನಾಲ್ಕು ತಿಂಗಳಾದ ಮೇಲೆ ತೆಗೆದರೆ ಒಳಗೆಲ್ಲ ಬೆವರು. ಬಣ್ಣ ಅಲ್ಲಲ್ಲಿ ಗುಳ್ಳೆ ಎದ್ದಿತ್ತು.

"ಗಾಯಕ್ಕೆ ಒದ್ದೆ ಬಟ್ಟೆ ಕಟ್ಟಬೇಡಿ ಅಂತ ಊರಿಗೆಲ್ಲ ಹೇಳ್ತೇನೆ," ಎಂದರು ಡಾಕ್ಟ್ರಮ್ಮ. "ನಾನೇ ಕಟ್ಟಿದ್ದೇನೆ ನೋಡಿ."

ಆಗ ಬಂತು ಅಣ್ಣನ ಕಾಗದ. ಹದಿನೈದು ದಿನದಲ್ಲಿ ಬರುವವರಿದ್ದರು. ನಿಂತುಕೊಂಡು ಓದಲು ಶುರು ಮಾಡಿದ ಡಾಕ್ಟ್ರಮ್ಮ ಕುಳಿತುಕೊಂಡು ಮುಗಿಸಿದರು. "ಕಂಪೌಂಡರೇ, ನಾವು ಸಿಕ್ಕಿಬಿದ್ದೆವು," ಎಂದರು. ಅವರು ಹೋದರೆ ಕ್ಲಿನಿಕ್ ಮುಚ್ಚಿದ ಹಾಗೆ. ನನಗೂ ಬೇರೆ ದಾರಿ ಇರಲಿಲ್ಲ. ಹಾಗಾಗಿ "ನಾವು" ಎಂದದ್ದು ಸರಿಯಾಗಿಯೇ ಇತ್ತು.

ಮಂಗಳೂರಿನ ಪರಿಚಯದ ಗ್ಯಾರೇಜಿನವರನ್ನು ಕೇಳಿ ಅವರು ಔಷಧಿ ಚೀಟಿಯಲ್ಲೇ ಕಾರಿನ ಚಿಕಿತ್ಸೆ ಬರೆದುಕೊಂಡರು. ಮೊದಲು ಅಂಟುವಾಳದ ನೀರಿನ ಸ್ನಾನ. ತುಕ್ಕು ಹಿಡಿದಲ್ಲಿ ಮರಳು ಕಾಗದ, ಮೇಲೆ ಕೆಂಪು ಪ್ರೈಮರ್, ಅದರ ಮೇಲೆ ಬಣ್ಣ. ಆಮೇಲೆ ಕಾಂಪೌಂಡ್, ಕೊನೆಗೆ ಮೇಣ. ಸಾಮಾನು ತರಿಸಲು ಬಸ್ಸಿನ ಕಂಡಕ್ಟರನ ಕೈಯಲ್ಲಿ ಚೀಟಿ ಕೊಟ್ಟೆವು. ಅವನು ದಾರಿಯುದ್ದಕ್ಕೂ "ಡಾಕ್ಟ್ರಮ್ಮನಿಗೆ ಅರ್ಜೆಂಟಾಗಿ ಕಾಂಪೌಂಡ್ ಬೇಕಂತೆ" ಎಂದು ಹೇಳಿಕೊಂಡು ಹೋದ.

ಮರುದಿನ ಬೆಳಿಗ್ಗೆ ಒಬ್ಬ ಕಲ್ಲು ಕಟ್ಟುವ ಮೇಸ್ತ್ರಿ ಹಗ್ಗ ಹಿಡಿದು ಅಂಗಳ ಅಳೆಯುತ್ತಿದ್ದ. ಡಾಕ್ಟ್ರಮ್ಮ ಒಳಗೆ ಒಬ್ಬರ ಎದೆ ಪರೀಕ್ಷಿಸುತ್ತಿದ್ದರು. ಅವನು ಕಿಟಕಿಯಲ್ಲಿ ಮುಖ ಹಾಕಿದ.

"ಡಾಕ್ಟ್ರೇ, ಕಾಂಪೌಂಡ್ ಎಷ್ಟು ದಪ್ಪ ಬೇಕು?"

"ದಪ್ಪ ಬೇಡ. ತೆಳ್ಳಗೆ ಸಾಕು."

"ತೆಳ್ಳಗೆ ಮಾಡಿದರೆ ಒಂದು ಮಳೆಗೆ ಹೋಗ್ತದೆ."

"ಮಳೆವರೆಗೆ ಯಾಕೆ ಇಡುವುದು? ಅರ್ಧ ಗಂಟೆಯಲ್ಲಿ ಒರೆಸಿ ತೆಗೆಯುವುದಲ್ವಾ."

ಮೇಸ್ತ್ರಿ ಹಗ್ಗ ಸುತ್ತಿಕೊಂಡು ನನ್ನ ಹತ್ತಿರ ಬಂದು, "ಅಮ್ಮನಿಗೆ ಹುಷಾರಿಲ್ವಾ?" ಎಂದು ಪಿಸುಗುಟ್ಟಿದ.

ನಿಜವಾದ ಕಾಂಪೌಂಡ್ ಮೂರನೆಯ ದಿನ ಬಂತು. ಅಷ್ಟರಲ್ಲಿ ನಾವು ತುಕ್ಕು ಉಜ್ಜಿ ಕೆಂಪು ಪ್ರೈಮರ್ ಹಚ್ಚಿದ್ದೆವು. ಕಾರಿನ ಮೈತುಂಬ ಕೆಂಪು ಚುಕ್ಕೆ. ಮೊಮ್ಮಗನ ಕೈ ಹಿಡಿದು ಬಂದ ಒಬ್ಬ ಅಜ್ಜಿ ಅಂಗಳದಲ್ಲೇ ನಿಂತುಬಿಟ್ಟರು. "ಅಮ್ಮಾ, ಕಾರಿಗೂ ಸಿಡುಬು ಬಿದ್ದಿದೆಯಾ?"

"ಹೌದು," ಎಂದರು ಡಾಕ್ಟ್ರಮ್ಮ, ತಲೆ ಎತ್ತದೆ. "ಒಣಗುವವರೆಗೆ ಯಾರೂ ಮುಟ್ಟಬೇಡಿ."

ಅಂದಿನಿಂದ ಬೊನೆಟ್ಟಿನ ಮೇಲೆ ಬಾಳೆಗೊನೆ ಇಡುವುದು ನಿಂತಿತು. ಆಡು ಮಾತ್ರ ಲೆಕ್ಕಿಸಲಿಲ್ಲ.

ಅದೇ ನೀಲಿ ಪೇಟೆಯಲ್ಲಿ ಸಿಗಲಿಲ್ಲ. ಬಿಳಿಗೆ ನೀಲಿಯನ್ನು ಹನಿಹನಿಯಾಗಿ ಹಾಕಿ ನಾನೇ ಔಷಧಿ ಅಳೆಯುವ ಔನ್ಸ್ ಗ್ಲಾಸಿನಲ್ಲಿ ಬೆರೆಸಿದೆ. ಸಂಜೆ ರೋಗಿಗಳು ಹೋದ ಮೇಲೆ ಇಬ್ಬರೂ ಹಳೆಯ ಪಂಚೆಯ ತುಂಡು ಹಿಡಿದು ತಿಕ್ಕಲು ಕೂರುತ್ತಿದ್ದೆವು. "ಎಮ್ಮೆ ತಿಕ್ಕುವ ಹಾಗೆ ತಿಕ್ಕಬೇಡಿ. ಅಂಚಿನಲ್ಲಿ ಬಣ್ಣ ತೆಳ್ಳಗುಂಟು, ಜೋರು ಮಾಡಿದರೆ ತಗಡು ಕಾಣ್ತದೆ," ಎಂದು ಅವರು ಗದರುತ್ತಿದ್ದರು. ಹತ್ತನೆಯ ದಿನ ಕಾರಿನ ಬಾಗಿಲಿನಲ್ಲಿ ನನ್ನ ಮುಖ ಕಂಡಿತು. ಸ್ವಲ್ಪ ಡೊಂಕಾಗಿತ್ತು, ಆದರೆ ನನ್ನದೇ...

ಅಣ್ಣ ಬರುವ ದಿನ ಕಾರು ಹೊಸ ಮದುಮಗಳ ಹಾಗೆ ನಿಂತಿತ್ತು. ಮಧ್ಯಾಹ್ನದ ಬಸ್ಸಿಗೆ ಅವರು ಬರಬೇಕು. ಹನ್ನೊಂದು ಗಂಟೆಗೆ ಗುಡ್ಡದ ಆಚೆಯಿಂದ ಒಬ್ಬ ಓಡಿಕೊಂಡು ಬಂದ. ಹೆಂಡತಿಗೆ ನಿನ್ನೆಯಿಂದ ನೋವು, ಮಗು ಬರುತ್ತಿಲ್ಲ. ಅಲ್ಲಿಗೆ ಹೋಗುವುದು ಎತ್ತಿನ ಗಾಡಿಯ ದಾರಿ, ಎರಡು ಬದಿಯೂ ಮುಳ್ಳಿನ ಪೊದೆ. ನಾನು ಡಾಕ್ಟ್ರಮ್ಮನ ಮುಖ ನೋಡಿದೆ. ಅವರು ಕಾರಿನ ಮುಖ ನೋಡಿದರು, ಒಂದೇ ಸಲ. ಮತ್ತೆ ದಿಂಬು ಹಾಕಿ ಕುಳಿತರು.

ಮುಳ್ಳು ಬಾಗಿಲಿಗೆ ಕಿರ್ರೆಂದು ಉಜ್ಜಿದಾಗೆಲ್ಲ ನಾನು ಹಲ್ಲು ಕಚ್ಚಿ ನರಳುತ್ತಿದ್ದೆ.

"ಕಂಪೌಂಡರೇ, ನೀವು ನರಳಬೇಡಿ. ಅಲ್ಲಿ ನರಳಲಿಕ್ಕೆ ಬೇರೆಯವರಿದ್ದಾರೆ."

ಮಗು ಬಂತು, ಹೆಣ್ಣು. ಆದರೆ ತಾಯಿಗೆ ರಕ್ತ ಹೋಗುತ್ತಿತ್ತು. ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಮಗುವನ್ನು ಹಿಡಿದ ಅದರ ಅಜ್ಜಿಯನ್ನೂ ಕೂರಿಸಿಕೊಂಡು ಕ್ಲಿನಿಕ್ಕಿಗೆ ತಂದೆವು. ಮೆಟ್ಟಿಲ ಮೇಲೆ ಬಿಳಿ ಶರ್ಟಿನ ಒಬ್ಬರು ಕುಳಿತಿದ್ದರು. ಅಣ್ಣ. ಕಾರಿಗೆ ಕಿಟಕಿಯವರೆಗೆ ಕೆಸರು, ಮೈತುಂಬ ಗೀರು. ಅವರು ಎದ್ದು ಬಂದು ಒಂದು ಉದ್ದ ಗೀರಿನ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ಸೊಸೆಯನ್ನು ಎತ್ತಲು ಕೈ ಬೇಕಾಗಿ ಆ ಅಜ್ಜಿ ಮಗುವನ್ನು ಹತ್ತಿರ ಕಂಡ ಮನುಷ್ಯನಿಗೆ ಕೊಟ್ಟು ಒಳಗೆ ನಡೆದೇಬಿಟ್ಟಳು.

ಒಂದು ಗಂಟೆ ಅವರು ಆ ಮಗುವನ್ನು ಹಿಡಿದು ಅಂಗಳದಲ್ಲಿ ನಿಂತಿದ್ದರು. ಮಗು ಅವರ ಶರ್ಟನ್ನು ಎರಡು ಸಲ ಹಾಳು ಮಾಡಿತು. ತಾಯಿ ಉಳಿದಳೆಂದು ನಾನು ಹೊರಗೆ ಬಂದು ಹೇಳಿದಾಗ ಅವರು ಮಗುವನ್ನು ನನಗೆ ಕೊಟ್ಟು, ಜೇಬಿನಿಂದ ಕರವಸ್ತ್ರ ತೆಗೆದು ಕಾರಿನ ಬಾಗಿಲು ಒರೆಸತೊಡಗಿದರು.

ಒಳಗಿಂದ ಡಾಕ್ಟ್ರಮ್ಮನ ಸ್ವರ ಬಂತು. "ಅಣ್ಣಾ, ಮಣ್ಣಿನ ಮೇಲೆ ಒಣ ಬಟ್ಟೆ ಹಾಕಬೇಡ, ಇನ್ನೂ ಗೀರು ಬೀಳ್ತದೆ. ಮೊದಲು ನೀರು ಹೊಯ್ಯಿ."

ಅವರು ಬಾಲ್ದಿ ಹುಡುಕಿಕೊಂಡು ಬಾವಿಕಟ್ಟೆಗೆ ಹೋದರು.

ನಾಲ್ಕು ದಿನ ಇದ್ದರು, ಬೊಂಬಾಯಿಯ ಮಾತೆತ್ತಲಿಲ್ಲ. ಹೋಗುವ ಮೊದಲು ಆ ಮೇಸ್ತ್ರಿಯನ್ನು ಕರೆಸಿ ಕಾರಿಗೊಂದು ಶೆಡ್ ಕಟ್ಟಿಸಿದರು. ನೆರಳು ಚೆನ್ನಾಗಿದೆ ಎಂದು ರೋಗಿಗಳೆಲ್ಲ ಅದರೊಳಗೆ ಕುಳಿತರು. ಕಾರು ಮತ್ತೆ ಗೇರುಮರದ ಕೆಳಗೇ ಹೋಯಿತು. ಆಮೇಲೆ ಪ್ರತಿವರ್ಷ ಮಳೆ ಬಿಟ್ಟ ಮೇಲೆ ನಮಗೆ ಹದಿನೈದು ದಿನದ ಅದೇ ಕೆಲಸ.

ಎಂಬತ್ತರ ದಶಕದ ಕೊನೆಗೆ ಡಾಕ್ಟ್ರಮ್ಮ ಬೊಂಬಾಯಿಗೆ ಹೋದರು, ರೋಗಿಯಾಗಿ. ಹಿಂದೆ ಬರಲಿಲ್ಲ. ತೀರಿಕೊಂಡ ಸುದ್ದಿ ನನಗೆ ಕಾರ್ಡಿನಲ್ಲಿ ಬಂದದ್ದು ಎರಡು ವಾರ ಕಳೆದ ಮೇಲೆ...

ಮೂಡುಬಿದಿರೆಯಿಂದ ಪುಂಜಾಲಕಟ್ಟೆಯ ನಮ್ಮ ಮನೆಗೆ ಮರಳುವಾಗ ಅಳಿಯನಿಗೆ ಇದನ್ನೆಲ್ಲ ಹೇಳುತ್ತಾ ಬಂದೆ. ಮಡಂತ್ಯಾರು ಬಂದಾಗ ಅವನು, "ಎಲ್ಲಿ ಮಾವ, ಆ ಕ್ಲಿನಿಕ್?" ಎಂದ. ರಸ್ತೆ ಅಗಲವಾಗಿತ್ತು, ಎರಡೂ ಬದಿ ಎತ್ತರದ ಕಟ್ಟಡಗಳು. ಪೇಟೆಯುದ್ದಕ್ಕೂ ಎರಡು ಸಲ ಹೋಗಿ ಬಂದೆವು. ಅವನಿಗೆ ಹೊತ್ತಾಗುತ್ತಿತ್ತು. ಕೊನೆಗೆ ನಾನು ಒಂದು ಅಂಗಡಿಯ ಕಡೆ ಬೆರಳು ತೋರಿಸಿ, "ಇದೇ," ಎಂದೆ. ಅವನು ಕಾರು ನಿಧಾನ ಮಾಡಿ, ಬಗ್ಗಿ, ಗೌರವದಿಂದ ನೋಡಿದ. ಅದಲ್ಲವೆಂದು ನನಗೆ ಗೊತ್ತಿತ್ತು.